ಬಾಯಿಗೆ ಮಾತ್ರ

ನಂಜನಗೂಡಿನ ವೈನ್ ಫ್ಯಾಕ್ಟರಿಯಲ್ಲಿ ನಾನು ಹುಳಿವಾಸನೆ ಉಳಿಯದಂತೆ ಪೀಪಾಯಿ ತೊಳೆಯುತ್ತಿದ್ದ ಕಾಲ. ರುಚಿ ನೋಡುವವರು ಮೂಗೂರು ಕಡೆಯವರು, ಕೊರಳಲ್ಲಿ ಲಿಂಗ. ಗುಟುಕನ್ನು ಬಾಯಲ್ಲಾಡಿಸಿ ಬಕೆಟ್ಟಿಗೆ ಉಗಿದು, "ಬಾಯಿಗೆ ಮಾತ್ರ ಕಣಪ್ಪ, ಹೊಟ್ಟೆಗಿಲ್ಲ" ಅನ್ನುತ್ತಿದ್ದರು.

ಒಂದು ದಿನ ಯಜಮಾನರು ಹೆಸರು ಕಾಣದಂತೆ ಬಟ್ಟೆ ಸುತ್ತಿದ ಇಟಲಿಯ ಬಿಳಿ ವೈನ್ ಬಾಟಲಿ ತಂದಿಟ್ಟರು. "ಯಾವ ದ್ರಾಕ್ಷಿ ಹೇಳಿ, ನಿಮ್ಮ ಕೆಲಸ ಕಾಯಂ."

ರುಚಿ ನೋಡುವವರು ಮೂಸಿದರು, ಗುಟುಕರಿಸಿ ಉಗಿದರು. "ಎರಡು ದ್ರಾಕ್ಷಿ ಮೇಲೆ ಅನುಮಾನ ಸಾ. ಒಂದರಲ್ಲಿ ಮಾತ್ರ ಬಾದಾಮಿ ಕಹಿ ಇರ್ತದೆ."

"ಕೊನೇಲಿ ಆ ಕಹಿ ಬತ್ತದಾ ಅಂತ ನುಂಗಿದ್ರೇ ಗೊತ್ತಾಗೋದು ಕಣ್ರೀ," ಯಜಮಾನರು ನಕ್ಕರು.

ಅವರು ಇನ್ನೊಂದು ಗುಟುಕು ತೆಗೆದುಕೊಂಡು ಲಿಂಗದ ಮೇಲೆ ಕೈಯಿಟ್ಟು ಕಣ್ಣುಮುಚ್ಚಿದರು. ಆಮೇಲೆ "ವರ್ದಿಕ್ಕಿಯೊ ದ್ರಾಕ್ಷಿ ಸಾ" ಅಂದರು. ಅದೇ ಸರಿಯಾಗಿತ್ತು. ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ, ಅವರು ಅದರತ್ತ ಬಗ್ಗಲಿಲ್ಲ.

ಮಾರನೇ ದಿನವೂ ಉಗಿದು, "ಹೊಟ್ಟೆಗಿಲ್ಲ ಕಣಪ್ಪ" ಅಂದರು. ಸುಳ್ಳಾಡುವ ಮನುಷ್ಯರಲ್ಲ. ಹಾಗಾದರೆ ಆ ಗುಟುಕು ಎಲ್ಲಿ ಹೋಯಿತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.