ಹಡಗಿನ ಪುರಾಣದಲ್ಲಿ ನುಂಗಿದ ಅಧ್ಯಾಯ

ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಹಗ್ಗದ ಬಲೆಯೇ ಆಗಿದ್ದ ಕಾಲ ಅದು. ಆಟದ ಮೈದಾನದಲ್ಲಿ ಕಂಬಗಳಿಗೆ ಕಟ್ಟಿದ್ದ ಎತ್ತರದ ಬಲೆ. ಹತ್ತಿ ಇಳಿದರೆ ಅಂಗೈಯಲ್ಲಿ ರಾತ್ರಿಯವರೆಗೂ ಬಿಸಿಲಿಗೆ ಕಾದ ಹಗ್ಗದ ವಾಸನೆ. ಆ ವರ್ಷ ಧಾರವಾಡದಿಂದ ಅಜ್ಜಿ ಬಂದಿದ್ದಳು. ಸಂಜೆಯಾದರೆ ಡಬ್ಬಿ ತುಂಬ ಮಂಡಕ್ಕಿಯ ಗಿರಮಿಟ್ ಕಲಸಿಕೊಂಡು ನನ್ನ ಜೊತೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಬೆಂಚಿನ ಇನ್ನೊಂದು ತುದಿ ಕೆಳಗಿನ ಮನೆಯ ವಾಲ್ಟರ್ ಅಂಕಲ್‌ಗೆ ಮೀಸಲು.

ಅಂಕಲ್ ಎರಡನೇ ಮಹಾಯುದ್ಧದ ಕಾಲದಲ್ಲಿ, ಮೀಸೆ ಚಿಗುರುವ ವಯಸ್ಸಿಗೇ ಅಮೆರಿಕದ ನೌಕಾಪಡೆ ಸೇರಿದವರು. ದಾಳಿಗೆ ಹೊರಟ ಸೈನಿಕರನ್ನು ದ್ವೀಪದ ಹತ್ತಿರಕ್ಕೆ ಒಯ್ಯುವ ಹಡಗು ಅವರದು. ಸೈನಿಕರು ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಬಲೆ ಹಿಡಿದು ಸಣ್ಣ ದೋಣಿಗೆ ಇಳಿಯಬೇಕು, ದೋಣಿ ದಡಕ್ಕೆ ನುಗ್ಗಬೇಕು. ಅಂಥದೊಂದು ದೋಣಿ ನಡೆಸುತ್ತಿದ್ದವರು ಅಂಕಲ್. ಅವರು ಹೇಳುವುದು, ನಾನು ಕನ್ನಡ ಮಾಡುವುದು. ಅಜ್ಜಿ ಮಠದಲ್ಲಿ ಪುರಾಣ ಕೇಳಿ ಬೆಳೆದವಳು, ಇದನ್ನೂ ಹಾಗೇ ಕೇಳುತ್ತಿದ್ದಳು.

“ಇವತ್ತು ಹಡಗ ಎಲ್ಲಿಗಿ ಬಂತಂತ ಕೇಳವಾ.”

ಹಡಗು ನೀರಿಗಿಳಿಯಿತು. ಪನಾಮಾ ಕಾಲುವೆ ದಾಟಿತು. ಬಲೆಯಲ್ಲಿ ಇಳಿಯುವಾಗ ನಿಂತ ಹಗ್ಗವನ್ನೇ ಹಿಡಿಯಬೇಕು, ಮಲಗಿದ ಹಗ್ಗ ಹಿಡಿದರೆ ಮೇಲಿನವನ ಬೂಟು ಬೆರಳಿನ ಮೇಲೆ ಬರುತ್ತದೆ ಎಂದು ಅಂಕಲ್ ಕೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ ತೋರಿಸಿದರು. ನಿಂತ ಹಗ್ಗ, ಮಲಗಿದ ಹಗ್ಗ ಅನ್ನುವ ಅನುವಾದ ನನ್ನದೇ. ಅದಕ್ಕೆ ನನಗೆ ಭಾರಿ ಜಂಬವಿತ್ತು. ಆದರೆ ಕೊನೆಯ ದ್ವೀಪ ಮುಟ್ಟಿದ್ದೇ ತಡ, ಯುದ್ಧ ಮುಗಿದು ಹಡಗು ಮನೆಗೆ ಬಂದೇಬಿಟ್ಟಿತು!

ಅಜ್ಜಿ ಬಿಡುತ್ತಾಳೆಯೇ? “ನಡುವ ಒಂದು ಅಧ್ಯಾಯ ನುಂಗ್ಯಾರ ನೋಡು. ಆ ದ್ವೀಪದಾಗ ಏನಾತಂತ ಕೇಳು.”

ಕೇಳಿದೆ. ಅಂಕಲ್ ಮುಖ ಗಂಟಿಕ್ಕಿ ಎದ್ದು ಹೋದರು. ಮರುದಿನ ಬಂದು ನಮಗೆ ಬೆನ್ನು ತಿರುಗಿಸಿ ಕೂತರು. ಗಿರಮಿಟ್ ಕೂಡ ಬೇಡವೆಂದರು. ಅಜ್ಜಿ ಪೆಚ್ಚಾದಳು.

ಅಂಥ ಒಂದು ಸಂಜೆ ಆಕಾಶ ಕಪ್ಪಿಟ್ಟಿತು. ನಾವು ಮಕ್ಕಳೆಲ್ಲ ಬಲೆಯ ಮೇಲಿದ್ದೆವು. ಮಿಂಚಿತು, ಎದೆ ಒಡೆಯುವಂತೆ ಗುಡುಗಿತು. ಎಲ್ಲರೂ ಕಿರುಚಿಕೊಂಡು ಒಟ್ಟಿಗೆ ಇಳಿಯತೊಡಗಿದರು. ನನ್ನ ಮೇಲಿದ್ದವನ ಶೂ ನನ್ನ ಬೆರಳುಗಳನ್ನು ತುಳಿಯಿತು. ಒಂದು ಕೈ ಜಾರಿತು. ಇನ್ನೊಂದರಲ್ಲಿ ಜೋತಾಡುತ್ತ ಕೆಳಗೆ ನೋಡಿದೆ. ಅಯ್ಯೋ, ನೆಲ ಎಲ್ಲೋ ಇತ್ತು!

ಅಂಕಲ್ ಕುಂಟುತ್ತ ಓಡಿಬಂದರು. ಏನೋ ಕೂಗಿದರು. ಹುಟ್ಟಿದಾಗಿನಿಂದ ಕೇಳಿದ ಇಂಗ್ಲಿಷ್, ಒಂದಕ್ಷರ ತಲೆಗೆ ಹೋಗಲಿಲ್ಲ. ಅವರ ಕೈ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಿದ ಅಜ್ಜಿ ಗಂಟಲು ಹರಿಯುವಂತೆ ಕೂಗಿದಳು.

“ನಿಂತ ಹಗ್ಗ ಹಿಡಿ, ನನ್ನವ್ವಾ! ಮಲಗಿದ್ದು ಬ್ಯಾಡ, ನಿಂತದ್ದು!”

ಹಿಡಿದೆ. ಅಂಕಲ್ ಕೆಳಗಿನಿಂದ ನನ್ನ ಪಾದ ಹಿಡಿದು ಒಂದೊಂದೇ ಹಗ್ಗದ ಮೇಲೆ ಇಡಿಸಿ ಇಳಿಸಿದರು. ಮಳೆ ಸುರಿಯಿತು. ಮೂವರೂ ಲಾಂಡ್ರಿ ರೂಮಿಗೆ ನುಗ್ಗಿದೆವು.

ಬಟ್ಟೆ ಒಣಗಿಸುವ ಮಿಷನ್ನಿನ ಬಿಸಿ ಸೋಪಿನ ವಾಸನೆಯಲ್ಲಿ ನಿಂತು ಅಂಕಲ್ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಆಮೇಲೆ ತಾವಾಗಿಯೇ ಹೇಳಿದರು. ಕೊನೆಯ ದ್ವೀಪದಲ್ಲಿ ಅಲೆ ಜೋರಿತ್ತಂತೆ. ಗೆಳೆಯ ಎಡ್ಡಿ ಅವಸರದಲ್ಲಿ ಮಲಗಿದ ಹಗ್ಗ ಹಿಡಿದನಂತೆ. ಮೇಲಿನವನ ಬೂಟು ಬೆರಳಿನ ಮೇಲೆ ಬಿತ್ತು. ಅವನು ಹಡಗಿಗೂ ಅಂಕಲ್ ನಡೆಸುತ್ತಿದ್ದ ದೋಣಿಗೂ ನಡುವೆ ಬಿದ್ದ. ದೋಣಿ ಹಿಂದೆ ಸರಿಸುವಷ್ಟರಲ್ಲಿ ಅಲೆ ಅದನ್ನು ಹಡಗಿಗೆ ಅಪ್ಪಳಿಸಿತ್ತು.

ಅಳುತ್ತಲೇ ಕನ್ನಡ ಮಾಡಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು. “ಈಗ ಪುರಾಣ ಮುಗೀತು, ಅಣ್ಣಾರ. ಪ್ರಸಾದ ತಿನ್ರಿ.” ಮೆತ್ತಗಾಗಿದ್ದ ಆ ಗಿರಮಿಟ್ಟನ್ನು ಅಂಕಲ್ ಒಂದು ಅಗುಳೂ ಬಿಡದೆ ತಿಂದರು.

ಈಗ ಆ ಬಲೆ ಇಲ್ಲ, ಅಲ್ಲೊಂದು ಪ್ಲಾಸ್ಟಿಕ್ ಜಾರುಬಂಡಿ ಇದೆ. ಹಡಗು ನಾನು ಹುಟ್ಟುವ ಮೊದಲೇ ಗುಜರಿ ಸೇರಿತ್ತಂತೆ. ಅಂಕಲ್ ಹೋದರು, ಅಜ್ಜಿಯೂ ಹೋದಳು. ನಾನೀಗ ಇರುವ ಮೆಟುಚೆನ್‌ನಿಂದ ದಿನಾ ಆಫೀಸಿಗೆ ಕಮ್ಯೂಟ್ ಮಾಡುವಾಗ ಟ್ರೈನ್ ಕುಲುಕಿದರೆ ನನ್ನ ಕೈ ಈಗಲೂ ನಿಂತ ಕಂಬವನ್ನೇ ಹುಡುಕುತ್ತದೆ. ಸಂಜೆ ಮನೆಗೆ ಬಂದರೆ, “ಹೌ ವಾಸ್ ಯುವರ್ ಡೇ?” ಎಂದು ಮಗಳು ಕೇಳುತ್ತಾಳೆ. ಫೈನ್ ಎನ್ನುತ್ತೇನೆ. ಅವಳು ನಂಬಿ ಆಡಲು ಓಡುತ್ತಾಳೆ. ನಡುವೆ ಒಂದು ಅಧ್ಯಾಯ ನುಂಗಿಬಿಟ್ಟೆಯಲ್ಲ ಎಂದು ಹಿಡಿದು ಕೇಳುವವರು ಈಗ ಯಾರೂ ಇಲ್ಲ.