ಮುದ್ದೆ ಅಗಿದ ವನಜತ್ತೆ

ನಮ್ಮ ಸೋದರತ್ತೆ ವನಜಮ್ಮ ಚೇಳೂರಿನವಳು, ಗುಬ್ಬಿಯ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರು. ಮೂವತ್ತು ದಾಟಿದರೂ ಮದುವೆ ಬೇಡವೆಂದು ಕೂತಿದ್ದವಳು. ಆಫ್ರಿಕಾದ ಹಳ್ಳಿಶಾಲೆಗಳಿಗೆ ಸ್ವಯಂಸೇವಕರು ಬೇಕೆಂದು 1977ರಲ್ಲಿ ಯಾವುದೋ ಸೇವಾಸಂಸ್ಥೆ ಪೇಪರಿನಲ್ಲಿ ಹಾಕಿದ್ದೇ ತಡ, ಅರ್ಜಿ ಹಾಕಿಯೇಬಿಟ್ಟಳು. ಸಂಬಳವಿಲ್ಲ, ಊಟ ವಸತಿ ಮಾತ್ರ. ಮನೆಗೆ ವಿಷಯ ಗೊತ್ತಾದದ್ದು ಟಿಕೆಟ್ ಬಂದ ಮೇಲೆ.

ಅವಳ ಅಣ್ಣ ಅಂಜಿನಪ್ಪ, ಅಂದರೆ ನಮ್ಮಪ್ಪ, ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ಚೇಳೂರು ಬಸ್‌ಸ್ಟಾಂಡಿನಲ್ಲಿ ಹತ್ತು ಜನರ ಎದುರಿಗೆ, "ಇವ್ಳೇನಾದ್ರೂ ಅಲ್ಲಿ ಮೂರು ತಿಂಗ್ಳು ಇದ್ರೆ ನನ್ನ ಅರ್ಧ ಮೀಸೆ ಬೋಳಿಸ್ಕೊಂತೀನಿ ಕಣ್ರಲಾ" ಅಂದ. ಅತ್ತೆ ಬಸ್ ಹತ್ತಿದಳು. ಸೋತು ಬಂದರೆ ಅದೇ ಬಸ್‌ಸ್ಟಾಂಡಿನಲ್ಲಿ ತಲೆ ತಗ್ಗಿಸಿಕೊಂಡು ಇಳಿಯಬೇಕಲ್ಲ, ಆ ಯೋಚನೆ ದಾರಿಯುದ್ದಕ್ಕೂ ಅವಳನ್ನು ಕೊರೆಯಿತಂತೆ.

ಟಾಂಜಾನಿಯಾದ ಒಂದು ಬೆಟ್ಟದ ಹಳ್ಳಿ. ಊರಿಗೇ ಹಿರಿಯಳಾದ ಒಬ್ಬ ಅಜ್ಜಿಯ ಮನೆಯಲ್ಲಿ ಊಟ, ವಸತಿ. ಮೊದಲ ದಿನ ತಟ್ಟೆಯಲ್ಲಿ ಬಂದದ್ದೇನು? ರಾಗಿ ಮುದ್ದೆ, ಜೊತೆಗೆ ಬೇಯಿಸಿದ ಸೊಪ್ಪು! ಅತ್ತೆಗೆ ಕಣ್ಣಲ್ಲಿ ನೀರೇ ಬಂತಂತೆ. ನಮ್ಮೂರಿನ ಹಾಗೆ ಮುರಿದು, ಅದ್ದಿ, ಹಲ್ಲಿಗೆ ತಾಗಿಸದೆ ಗುಳುಂ ಅಂತ ನುಂಗಿದಳು. ಐದೇ ನಿಮಿಷಕ್ಕೆ ತಟ್ಟೆ ಖಾಲಿ. ಅಜ್ಜಿಯ ಮುಖ ಸಣ್ಣದಾದದ್ದನ್ನು ಅವಳು ಗಮನಿಸಲಿಲ್ಲ. ವಾರಪೂರ್ತಿ ಹೀಗೇ ನಡೆಯಿತು. ಎಂಟನೆಯ ದಿನ ಅಜ್ಜಿ ಅವಳಿಗೆ ತಟ್ಟೆಯನ್ನೇ ಇಡಲಿಲ್ಲ.

ಶಾಲೆಯ ಹೆಡ್‌ಮಾಸ್ಟರು ಅತ್ತೆಯನ್ನು ಕರೆದು ಇಂಗ್ಲಿಷಿನಲ್ಲಿ ಸಂಗತಿ ತಿಳಿಸಿದರು. ಅಲ್ಲಿ ನಿಧಾನವಾಗಿ ಅಗಿದು, ಮಾತಾಡುತ್ತ ಉಣ್ಣುವುದು ರೂಢಿ. ಔಷಧಿಯ ಹಾಗೆ ನುಂಗಿದರೆ ಅಡುಗೆ ಸೇರಲಿಲ್ಲವೆಂದೇ ಅರ್ಥ. ಬೇರೆ ಮನೆ ನೋಡಿಕೊಳ್ಳಲಿ ಎಂದಿದ್ದಾಳೆ ಅಜ್ಜಿ. ಅಜ್ಜಿ ಬೇಡವೆಂದವಳನ್ನು ಆ ಊರಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಶನಿವಾರದ ಲಾರಿಗೆ ಹೊರಡಬೇಕಾಗುತ್ತದೆ.

ನಮ್ಮತ್ತೆ ಅಳುವ ಪೈಕಿಯಲ್ಲ. ಶುಕ್ರವಾರ ಹೆಡ್‌ಮಾಸ್ಟರನ್ನೂ ಎಳೆದುಕೊಂಡು ಅಜ್ಜಿಯ ಅಡುಗೆಮನೆಗೆ ನುಗ್ಗಿದಳು. ಅಲಸಂದೆ ಕಾಳು ಬೇಯಿಸಿ, ಊರಿಂದ ಒಯ್ದಿದ್ದ ಸಾರಿನಪುಡಿ, ಹುಣಸೆಹಣ್ಣು ಹಾಕಿ ಕುದಿಸಿದಳು. ಅಜ್ಜಿಯದೇ ಮರದ ಸೌಟಿನಲ್ಲಿ ಹಿಟ್ಟು ತಿರುವಿ, ಗಂಟಿಲ್ಲದ ಮುದ್ದೆ ಕಟ್ಟಿ ಮುಂದಿಟ್ಟಳು. ತನ್ನ ಗಂಟಲು ಮುಟ್ಟಿ ತೋರಿಸಿ ಒಂದು ತುತ್ತು ನುಂಗಿದಳು. ನಮ್ಮ ಸೀಮೆಯಲ್ಲಿ ಮುದ್ದೆ ಅಗಿದರೆ ನಗುತ್ತಾರೆ ಎಂದು ಹೆಡ್‌ಮಾಸ್ಟರಿಂದ ಹೇಳಿಸಿದಳು.

ಅಗಿಯದಿದ್ದರೆ ರುಚಿ ಹೇಗೆ ತಿಳಿಯುತ್ತದೆ ಎಂದು ಅಜ್ಜಿ ಕೇಳಿದಳು. ರುಚಿ ಸಾರಿನದು, ಶಕ್ತಿ ಮುದ್ದೆಯದು ಎಂದಳು ಅತ್ತೆ. ಅಜ್ಜಿ ತುತ್ತು ಮುರಿದು ಅದ್ದಿ, ಕಣ್ಣು ಮುಚ್ಚಿ ನುಂಗಿಯೇಬಿಟ್ಟಳು. ಕೆಮ್ಮಿದಳು, ನೀರು ಕುಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶನಿವಾರದ ಲಾರಿ ಅತ್ತೆಯಿಲ್ಲದೆ ಹೋಯಿತು.

ಎರಡು ವರ್ಷಕ್ಕೆಂದು ಹೋದವಳು ಆರು ವರ್ಷ ಇದ್ದಳು. ಅವಳ ಹತ್ತಿರ ಲೆಕ್ಕ ಕಲಿತ ಒಂಬತ್ತು ಹುಡುಗಿಯರು ಪಟ್ಟಣದ ಹೈಸ್ಕೂಲು ಸೇರಿದರು. ಅದಕ್ಕೆ ಮೊದಲು ಆ ಊರಿನಿಂದ ಒಬ್ಬಳೂ ಹೋಗಿರಲಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಎದೆಯುಬ್ಬುತ್ತದೆ.

1983ರಲ್ಲಿ ಅದೇ ಬಸ್‌ಸ್ಟಾಂಡಿನಲ್ಲಿ ಇಳಿದವಳು ತಲೆಯೆತ್ತಿ ಅಪ್ಪನ ಮೀಸೆಯನ್ನೇ ನೋಡಿದಳು. ಅದು ಪೂರ್ತಿ ಇತ್ತು. ಅಪ್ಪ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ಟವಲು ಅಡ್ಡ ಹಿಡಿದ.

ಊಟಕ್ಕೆ ಕೂತಾಗ ಅವ್ವ ಬಿಸಿ ಮುದ್ದೆ ಇಕ್ಕಿದಳು. ಅತ್ತೆ ಅಗಿಯತೊಡಗಿದಳು. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

"ಏನೇ ವನಜಾ, ಮುದ್ದೆ ಅಗೀತಿದೀಯ? ಅಲ್ಲಿಗೋಗಿ ಉಣ್ಣೋದೂ ಮರ್ತ್ಬಂದ್ಯಾ?"

ಅತ್ತೆ ಬಾಯಲ್ಲಿದ್ದುದನ್ನು ನಿಧಾನವಾಗಿ ಮುಗಿಸಿದಳು. "ಮರ್ತಿಲ್ಲ ಕಣಣ್ಣ. ಆ ಅಜ್ಜಿ ನನಗೋಸ್ಕರ ಒಂದು ತುತ್ತು ನುಂಗಿದ್ಲು. ಅವಳಿಗೋಸ್ಕರ ನಾನು ಆರು ವರ್ಷ ಅಗಿದೆ."

ಅಪ್ಪ ಊಟ ಮುಗಿಸಿ ಎದ್ದ. ಸಂಜೆ ಕ್ಷೌರದ ಅಂಗಡಿಗೆ ಹೋದ. ಅರ್ಧ ಅಂದಿದ್ದವನು ಪೂರ್ತಿ ತೆಗೆಸಿಕೊಂಡು ಬಂದ.