ಅಪ್ಪನ ರಾಹುಕಾಲ

ನಮ್ಮಪ್ಪ ರಾಹುಕಾಲದಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ. ಕಪ್ಪು ಮುಂದಿಟ್ಟುಕೊಂಡು, ಕೆನೆಗಟ್ಟುವುದನ್ನೇ ನೋಡುತ್ತ ಕೂತು, ವೇಳೆ ಕಳೆದ ಮೇಲೆ "ಆರಿ ಹೋಗೇತಲ್ಲ" ಎಂದು ಅವ್ವನ ಮೇಲೆ ರೇಗುತ್ತಿದ್ದ. ಇಂಥವನ ಎದೆಯ ಆಪರೇಷನ್ನಿಗೆ ಜಯನಗರದ ಡಾಕ್ಟರು ಕೊಟ್ಟ ವೇಳೆ ಶುಕ್ರವಾರ ಹತ್ತೂವರೆ. ರಾಹುಕಾಲ ಶುರುವಾಗುವುದೂ ಸರಿಯಾಗಿ ಆಗಲೇ.

"ಬ್ಯಾಡ. ಊರಿಗೆ ಹೋಗೂಣು ನಡಿ" ಎಂದ.

ತೊಂಬತ್ತರ ದಶಕದ ಕೊನೆಯ ಮಾತು. ಬಿಟಿಎಂನ ಬಾಡಿಗೆ ರೂಮಿನಿಂದ ಆಫೀಸಿಗೆ ಹೋಗಿಬರುತ್ತಿದ್ದ ನಾನು ಅಪ್ಪನನ್ನು ಚಿಕಿತ್ಸೆಗೆಂದು ಕರೆಸಿಕೊಂಡಿದ್ದೆ. ಇನ್ನೊಮ್ಮೆ ಎದೆನೋವು ಬಂದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದನ್ನು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಬದಲಿಗೆ ರಾಹು ಎಂಬ ಗ್ರಹವೇ ಇಲ್ಲವೆಂದು ದೊಡ್ಡ ಭಾಷಣ ಬಿಗಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದಾನೆ ಅಂದುಕೊಂಡರೆ ಗೊರಕೆ ಹೊಡೆಯುತ್ತಿದ್ದ.

ಮಂಗಳವಾರ ಮಧ್ಯಾಹ್ನ ಓನರ್ ಆಂಟಿ ಬಾಗಿಲಿಗೆ ಬಂದರು. ಬಡಾವಣೆ ಆಗುವ ಮುಂಚೆ ಅದೇ ನೆಲದಲ್ಲಿ ರಾಗಿ ಬೆಳೆದಿದ್ದವರು. ಕೈಯಲ್ಲಿ ನಿಂಬೆಹಣ್ಣಿನ ಚೀಲವಿತ್ತು. "ಬನಶಂಕರಿ ಗುಡಿಗೆ ಹೊರಟಿದ್ದೀನಿ. ಯಜಮಾನ್ರೇ, ನೀವೂ ಬನ್ನಿ."

ಬಾದಾಮಿ ಕಡೆಯ ನಮಗೆ ಬನಶಂಕರಿ ಮನೆದೇವರು. "ಇಲ್ಲೂ ಬ್ರ್ಯಾಂಚ್ ತಗದಾಳೇನು?" ಎನ್ನುತ್ತಲೇ ಅಪ್ಪ ಅಂಗಿ ಹಾಕಿಕೊಂಡ. "ಮೂರಕ್ಕ ರಾಹುಕಾಲ. ಅದರೊಳಗ ಕೈ ಮುಗದು ಬಂದುಬಿಡೂಣು."

"ಅಯ್ಯೋ, ರಾಹುಕಾಲಕ್ಕೇ ಅಲ್ವಾ ಹೋಗ್ತಿರೋದು!" ಎಂದರು ಆಂಟಿ. ಮನೆದೇವರಿಗೆಂದು ಹಾಕಿದ ಅಂಗಿ ಬಿಚ್ಚುವ ಹಾಗಿರಲಿಲ್ಲ; ಅಪ್ಪ ಗೊಣಗುತ್ತಲೇ ಹೊರಟ, ರಜೆ ಹಾಕಿದ್ದ ನಾನೂ ಹೊರಟೆ.

ಗುಡಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗು ಹೊರಗಾಗಿ ಮಗುಚಿ, ಆ ಬಟ್ಟಲಿಗೆ ತುಪ್ಪ, ಬತ್ತಿ ಹಾಕಿಟ್ಟು ಗಡಿಯಾರ ನೋಡುತ್ತಿದ್ದರು. ರಾಹುಕಾಲ ಯಾವಾಗ ಬಂದೀತು ಎಂದು ಕಾದು ಕೂತ ಜನರನ್ನು ಅಪ್ಪ ಜೀವಮಾನದಲ್ಲೇ ಕಂಡಿರಲಿಲ್ಲ. ಮೂರು ಹೊಡೆದದ್ದೇ ತಡ, ಅಂಗಳದ ತುಂಬ ದೀಪ ಹೊತ್ತಿಕೊಂಡವು.

"ಕೆಟ್ಟ ಹೊತ್ತಲ್ಲೇ ಅಮ್ಮನ ಹತ್ರ ಬರ್ಬೇಕು, ಯಜಮಾನ್ರೇ. ಒಳ್ಳೇ ಹೊತ್ತಲ್ಲಿ ಅವಳಿಗೇನು ಕೆಲಸ?"

ಅಪ್ಪ ಒಂದು ಹೋಳು ಎತ್ತಿಕೊಂಡು ಮಗುಚಲು ಹೋಗಿ ಹರಿದ. ಇನ್ನೊಂದನ್ನೂ ಹರಿದ. ಆಂಟಿ ಬೆರಳು ಹಿಡಿದು ತೋರಿಸಿದ ಮೇಲೆ ಬಟ್ಟಲು ನೆಟ್ಟಗಾಯಿತು. ದೀಪ ಹಚ್ಚಿ, "ಶುಕ್ರವಾರ ನೀನ ಕಾಯಬೇಕವ್ವಾ" ಎಂದು ಪಿಸುಗುಟ್ಟಿದ. ಭಯ ನನಗೊಬ್ಬನಿಗೇ ಅಂದುಕೊಂಡಿದ್ದೆ.

ವಾಪಸು ಬರುವಾಗ ಆಟೋದಲ್ಲಿ, ತಾನೇ ಕಂಡುಹಿಡಿದವನ ಹಾಗೆ ಹೇಳಿದ: "ಶುಕ್ರವಾರ ಹತ್ತೂವರಿ ಅಂದ್ರ ಭಾಳ ಚಲೋ ವ್ಯಾಳೆ." ನನ್ನ ವಿಜ್ಞಾನ ಮಾಡಲಾಗದ್ದನ್ನು ಒಂದು ನಿಂಬೆಹಣ್ಣು ಮಾಡಿತ್ತು. ಸಿಟ್ಟು ಬಂತು, ಸಮಾಧಾನವೂ ಆಯಿತು.

ಶುಕ್ರವಾರ ಅಪ್ಪನಿಗಿಂತ ಮುಂಚಿನವರ ಆಪರೇಷನ್ ಮುಗಿಯುವುದು ತಡವಾಯಿತು. ಸ್ಟ್ರೆಚರ್ ಹೊರಟಾಗ ಹನ್ನೆರಡು ದಾಟಿತ್ತು. ರಾಹುಕಾಲ ಮುಗಿದು, ಪಂಚಾಂಗದ ಪ್ರಕಾರ ಒಳ್ಳೆಯ ಹೊತ್ತು ಶುರುವಾಗಿತ್ತು. ಅಪ್ಪನ ವಾಚು ನನ್ನ ಜೇಬಿನಲ್ಲಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದು ಕೇಳಿದ: "ತಮ್ಮಾ, ರಾಹುಕಾಲ ಇನ್ನೂ ಐತೇನು?"

"ಐತಿ ಅಪ್ಪಾ. ಇನ್ನೂ ಭಾಳ ಐತಿ."

ಕೈ ಬಿಟ್ಟು ಒಳಗೆ ಹೋದ.

ಗುಣವಾಗಿ ಊರಿಗೆ ಮರಳಿದ ಮೇಲೆ ಉಳಿದ ದಿನಗಳ ರಾಹುಕಾಲವನ್ನು ಮೊದಲಿನಂತೆಯೇ ಪಾಲಿಸಿದ. ಶುಕ್ರವಾರ ಹತ್ತೂವರೆಗೆ ಮಾತ್ರ ಚಹಾ ಬಿಸಿಬಿಸಿಯಾಗಿ ಕುಡಿಯುತ್ತಿದ್ದ.